ಗಂಡನಿಗೆ ವಿನಾಯಿತಿ, ಅತ್ತೆಗೆ ಜೈಲು

ನನ್ನ ತಾಯಿಯ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಪರವಾಗಿ ಅನುಮತಿಯ ಸಹಿ ಹಾಕಿದ ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ತಾಯಿ ಮುತ್ತವ್ವ ಜೈಲಿನಲ್ಲಿದ್ದಾಳೆ. ಜ್ವರದಿಂದ ನಡುಗುತ್ತ ಮನೆಗೆ ಬಂದ ಸೊಸೆಗೆ ಜೋಳದ ನುಚ್ಚು ಮಜ್ಜಿಗೆ ಕೊಟ್ಟು, ಮಲಗಲು ಹಾಸಿಗೆ ಹಾಸಿದ್ದು ಆಕೆ ಮಾಡಿದ ಕೃತ್ಯ. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ ಹತ್ತೊಂಬತ್ತನೆಯ ಕಲಮಿನಲ್ಲಿ ಇದಕ್ಕೆ ಭಯೋತ್ಪಾದಕರಿಗೆ ಆಶ್ರಯ ನೀಡುವುದು ಎಂದು ಹೆಸರು. ಶಿಕ್ಷೆ ಕನಿಷ್ಠ ಮೂರು ವರ್ಷ, ಗರಿಷ್ಠ ಜೀವಾವಧಿ. ಅವ್ವನಿಗೆ ಎಪ್ಪತ್ತು ಸಮೀಪಿಸಿದೆ. ಆ ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆ ಆಕೆಯ ಪಾಲಿಗೆ ಎಷ್ಟು ದೂರ ಉಳಿದಿದೆ ಎಂಬುದನ್ನು ತಾವೇ ಹೇಳಬೇಕು. ಅನುಮತಿ ಕೊಡುವ ಮುನ್ನ ಕಡತವನ್ನು ‘ಕೂಲಂಕಷವಾಗಿ ಪರಿಶೀಲಿಸಿ ತೃಪ್ತರಾಗಿ’ ಸಹಿ ಮಾಡಿದ್ದೀರಿ ಎಂದು ನಿಮ್ಮ ಆದೇಶದಲ್ಲಿದೆ. ಯಾವ ಬಗೆಯ ತೃಪ್ತಿ ಅದು, ಮಾನ್ಯರೇ? ಹೊಟ್ಟೆತುಂಬ ಉಂಡ ಮೇಲೆ ಬರುತ್ತದಲ್ಲ, ಅಂಥದ್ದೇ?

ಅದೇ ಮನೆಯಲ್ಲಿ, ಅದೇ ದಿನಗಳಲ್ಲಿ ನಾನೂ ಇದ್ದೆ. ಬಂದವಳು ನನ್ನ ಹೆಂಡತಿ ರಾಜಶ್ರೀ. ಆಕೆಗೆ ಔಷಧಿ ತಂದವನು ನಾನು. ಓಣಿಯವರು ಕೇಳಿದಾಗ ‘ಬೀಳಗಿಯಿಂದ ಬೀಗರು ಬಂದಾರ’ ಎಂದು ಸುಳ್ಳು ಹೇಳಿದವನೂ ನಾನೇ. ಬಚ್ಚಿಡುವುದು ಎಂಬ ಮಾತಿಗೆ ಅರ್ಥವಿದ್ದರೆ ಆಕೆಯನ್ನು ಬಚ್ಚಿಟ್ಟವನು ನಾನು. ಆದರೆ ಕಾಯ್ದೆ ನನ್ನನ್ನು ಮುಟ್ಟುವುದಿಲ್ಲ. ಅದೇ ಕಲಮಿನ ಕೆಳಗೆ ಒಂದು ವಿನಾಯಿತಿಯ ಸಾಲಿದೆ: ಆಶ್ರಯ ಕೊಟ್ಟವರು ಅಪರಾಧಿಯ ಗಂಡನೋ ಹೆಂಡತಿಯೋ ಆಗಿದ್ದರೆ ಈ ಕಲಂ ಅನ್ವಯಿಸದು. ಆ ಸಾಲಿನಲ್ಲಿ ತಾಯಿಗೆ ಜಾಗವಿಲ್ಲ, ತಂದೆಗಿಲ್ಲ, ಮಕ್ಕಳಿಗಿಲ್ಲ. ಅತ್ತೆಯ ಮಾತು ಇನ್ನೂ ದೂರ. ಹಾಸಿಗೆ ಹಂಚಿಕೊಂಡವರ ಮೇಲೆ ಕರುಣೆ ತೋರಿದ ಕಾನೂನು, ಒಲೆ ಹಂಚಿಕೊಂಡವರನ್ನು ಮರೆತುಬಿಟ್ಟಿದೆ. ಹೀಗಾಗಿ ನಾನು ಹೊರಗೆ ಕುಳಿತು ಈ ಪತ್ರ ಬರೆಯುತ್ತಿದ್ದೇನೆ.

ತಾವು ತಪ್ಪು ತಿಳಿಯಬಾರದು. ನಾನು ಬಂದೂಕು ಹಿಡಿದವರ ಪರವಾಗಿ ವಾದಿಸುತ್ತಿಲ್ಲ. ನನ್ನ ಹೆಂಡತಿ ಸೇರಿದ ಸಂಘಟನೆಯನ್ನು ಸರ್ಕಾರ ಕಾಯ್ದೆಯ ಮೊದಲನೆಯ ಅನುಸೂಚಿಗೆ, ಎಂದರೆ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ, ಹಾಕಿದೆ. ಇರಲಿ, ಅಲ್ಲಿಯೇ ಇರಲಿ. ಒಂದು ಸಂಘವನ್ನು ‘ಕಾನೂನುಬಾಹಿರ’ ಎಂದು ಸಾರಿದರೆ ಅದನ್ನು ನ್ಯಾಯಮಂಡಳಿಯೊಂದು ಒಪ್ಪಬೇಕು. ಅದಕ್ಕಿಂತ ಘೋರವಾದ ‘ಭಯೋತ್ಪಾದಕ’ ಎಂಬ ಹೆಸರಿಡಲು ಮಾತ್ರ ಅಂಥ ಮಂಡಳಿಯೂ ಬೇಡ, ಸರ್ಕಾರ ನಂಬಿದರೆ ಸಾಕು, ಗೆಜೆಟ್ಟಿನಲ್ಲಿ ಅಚ್ಚಾದರೆ ಮುಗಿಯಿತು. ಬೇಡವೆನ್ನುವವರು ಮೊದಲು ಅದೇ ಸರ್ಕಾರದ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು. ಬನಹಟ್ಟಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಇದು ವಿಚಿತ್ರವಾಗಿ ಕಂಡರೂ ಆ ಜಗಳವನ್ನು ಬಲ್ಲವರು ಆಡಲಿ. ಆ ಸಂಘಟನೆ ನನ್ನ ಸಂಸಾರವನ್ನು ನುಂಗಿದೆ. ಅವರಿಗೂ ಒಂದು ಪತ್ರ ಬರೆಯಬೇಕೆಂದಿದ್ದೆ. ಅವರಿಗೆ ವಿಳಾಸವಿಲ್ಲ, ತಮಗಿದೆ.

ರಾಜಶ್ರೀ ಜಮಖಂಡಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಹೆರಿಗೆ ಮಾಡಿಸುವುದರಲ್ಲಿ ಕೈ ಪಳಗಿತ್ತು. ನಮಗೆ ಮಕ್ಕಳಾಗಲಿಲ್ಲ, ಅದಕ್ಕೆ ಕೊರಗಿದವನು ನಾನು, ಆಕೆಯಲ್ಲ. ಯಾವುದೋ ಗುಡ್ಡಗಾಡು ಸೀಮೆಯಲ್ಲಿ ಬಾಣಂತಿಯರು ಸಾಯುತ್ತಿದ್ದಾರೆ, ಅಲ್ಲಿ ಆರೋಗ್ಯ ಶಿಬಿರ ನಡೆಸುತ್ತೇವೆ ಎಂದು ಹೇಳಿಕೊಂಡು ಬಂದ ಕೆಲವರ ಜೊತೆ ಒಂದು ತಿಂಗಳಿಗೆಂದು ಹೋದಳು. ಮೊದಮೊದಲು ಫೋನ್ ಬರುತ್ತಿತ್ತು. ಆಮೇಲೆ ನಿಂತಿತು. ನಾನು ಪೊಲೀಸ್ ಠಾಣೆಗೆ ಹೋಗಿ ಕಾಣೆಯಾದ ದೂರು ಕೊಟ್ಟೆ. ಕೆಲವು ವರ್ಷಗಳ ನಂತರ ಪೊಲೀಸರೇ ಮನೆಗೆ ಬಂದು, ಆಕೆ ಅನುಸೂಚಿಯಲ್ಲಿರುವ ಸಂಘಟನೆಯ ಜೊತೆ ಕಾಡಿನಲ್ಲಿದ್ದಾಳೆ, ಸುದ್ದಿ ಸಿಕ್ಕರೆ ತಿಳಿಸಬೇಕು ಎಂದು ಹೇಳಿ ಹೋದರು.

ಅಂದಿನಿಂದ ಅವ್ವ ಸೊಸೆಯನ್ನು ಬೈಯದ ದಿನವಿರಲಿಲ್ಲ. ನನ್ನ ತಂದೆ ನಾನು ಸಣ್ಣವನಿದ್ದಾಗಲೇ ತೀರಿಕೊಂಡರು. ಅವ್ವ ಮಗ್ಗದವರಿಗೆ ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತಿ ನನ್ನನ್ನು ಓದಿಸಿದವಳು. ಆಕೆಗೆ ನನ್ನ ಒಂಟಿತನ ನೋಡುವುದಾಗುತ್ತಿರಲಿಲ್ಲ. ಬಾಗಿಲಲ್ಲಿ ಕುಳಿತು ರಾಟೆ ತಿರುಗಿಸುತ್ತ, ಪಕ್ಕದ ಮನೆಯ ಗಿರಿಮಲ್ಲಪ್ಪನಿಗೆ ಕೇಳುವಂತೆ ಹೇಳುತ್ತಿದ್ದಳು: “ನನ್ನ ಮಗನ ಬಾಳಿಗೆ ಬೆಂಕಿ ಹಚ್ಚಿ ಆ ಬಂದೂಕಿನವರ ಜೋಡಿ ಕಾಡ ಸೇರ್ಯಾಳ. ಬರಲಿ ಒಂದಿನ, ಹೊಸ್ತಿಲ ದಾಟಸೂದಿಲ್ಲ ನಾ.” ಗಿರಿಮಲ್ಲಪ್ಪ ನಾಲ್ಕು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುವವರು, ಸಜ್ಜನರು. ಮಗ್ಗದ ಸದ್ದಿನಲ್ಲೂ ಅವ್ವನ ಮಾತು ಅವರಿಗೆ ಕೇಳುತ್ತಿತ್ತು. ಈ ಬೈಗುಳಗಳನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಇವೇ ಸರ್ಕಾರದ ಮುಖ್ಯ ಸಾಕ್ಷ್ಯವಾದವು.

ಕಳೆದ ಶ್ರಾವಣದಲ್ಲಿ ಒಂದು ದಿನ ಮಧ್ಯಾಹ್ನ ಊಟಕ್ಕೆಂದು ಶಾಲೆಯಿಂದ ಮನೆಗೆ ಬಂದೆ. ಅವ್ವ ಬಾಗಿಲು ಎಳೆದುಕೊಂಡು ಹೊಸ್ತಿಲಲ್ಲಿ ಕುಳಿತಿದ್ದಳು.

“ಒಳಗ ಹೋಗು. ಒದರಬ್ಯಾಡ. ಆಕಿ ಬಂದಾಳ,” ಎಂದಳು.

“ಯಾರು?”

“ಯಾರಂದ್ರ? ನಿನ್ನ ಹೇಣ್ತಿ.”

ಒಳಗೆ ಗೋಡೆಗೆ ಒರಗಿ ಕುಳಿತವಳನ್ನು ನಾನು ಗುರುತಿಸಲಿಲ್ಲ. ತಲೆಗೂದಲು ಕತ್ತರಿಸಿತ್ತು, ಕೆನ್ನೆ ಒಳಗೆ ಹೋಗಿತ್ತು, ಉಸಿರಾಡಿದರೆ ಎದೆಯಿಂದ ಸಿಳ್ಳಿನಂಥ ಸದ್ದು ಬರುತ್ತಿತ್ತು. ಕೆಮ್ಮಿದಾಗ ಸೆರಗಿನಲ್ಲಿ ರಕ್ತ. ಅವ್ವ ಆಮೇಲೆ ನನಗೆ ಹೇಳಿದ್ದು ಇಷ್ಟು: “ಚೌಕಟ್ಟ ಹಿಡಕೊಂಡ ನಿಂತಿದ್ಲು. ‘ಅತ್ತಿ, ಬೈಯೂದಿದ್ರ ಆಮ್ಯಾಲ ಬೈರಿ, ಮೊದಲ ಒಂದೀಟ ನೀರ ಕೊಡ್ರಿ’ ಅಂದ್ಲು. ಬೈಗಳೆಲ್ಲಾ ತಯಾರ ಇಟ್ಟಿದ್ನಿ ಯಲ್ಲಾಲಿಂಗಾ. ಕೈ ಮುಟ್ಟಿದ್ರ ಕಾದ ಹಂಚ ಮುಟ್ಟಿದಂಗ ಆತು. ಅಂಥಾಕಿಗೆ ಏನಂತ ಬೈಲಿ?”

ನಾನು ಬೈದೆ, ಮಾನ್ಯರೇ. ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಆಡಿದೆ. ಕೊನೆಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: “ಬಂದೂಕ ಹಿಡದಿಯೇನು?”

“ಹೊತ್ತೇನ್ರಿ. ಹೊರಾಕ ಕೊಟ್ಟಿದ್ರು. ಯಾರಿಗೂ ಹೊಡದಿಲ್ಲ. ಹೆರಿಗಿ ಮಾಡಸೇನಿ, ಗಾಯಕ್ಕ ಹೊಲಗಿ ಹಾಕೇನಿ,” ಎಂದಳು. “ಎರಡನೇ ವರ್ಷನ ವಾಪಸ್ ಹೊಕ್ಕೀನಿ ಅಂದ್ನಿ. ಹಾದಿ ಗೊತ್ತಾದಾಕಿ ಹೋಗಾಂಗಿಲ್ಲ ಅಂದ್ರು. ಈಗ ನಡ್ಯಾಕ ಬರವಲ್ದು ಅಂತ ತಾವ ಬಿಟ್ಟ ಹ್ವಾದ್ರು.”

ಇದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಹೆಂಡತಿಯ ಮಾತನ್ನು ತಾವು ನಂಬಬೇಕೆಂದೂ ಕೇಳುವುದಿಲ್ಲ. ನ್ಯಾಯಾಲಯ ವಿಚಾರಿಸಬೇಕಿತ್ತು, ಆಕೆಯೂ ಅದನ್ನೇ ಬಯಸಿದ್ದಳು. “ಪೊಲೀಸರ ಕಡೆ ಕರಕೊಂಡ ನಡೀರಿ, ನನಗ ಸಾಕಾಗೇತಿ” ಎಂದಳು. ಅವ್ವ ಮಾತ್ರ ಅಡ್ಡ ಬಂದಳು: “ಜರ ಇಳೀಲಿ ತಡೀರಿ. ಹಿಂಗ ಒಯ್ದ್ರ ಹಾದ್ಯಾಗ ಸಾಯ್ತಾಳ.” ಮರುದಿನ ಜಮಖಂಡಿಗೆ ಹೋಗಿ ವಕೀಲರಾದ ಬ್ರಾಹ್ಮಿಯವರನ್ನು ಕಂಡೆ. ಅವರು ತೇರದಾಳದವರು, ನನ್ನ ಹಳೆಯ ಸಹಪಾಠಿ. ಸೋಮವಾರ ನ್ಯಾಯಾಲಯದ ಮುಂದೆ ಹಾಜರುಪಡಿಸೋಣ, ಅಲ್ಲಿಂದಲೇ ಆಸ್ಪತ್ರೆಗೆ ಸೇರಿಸಲು ಕೇಳಿಕೊಳ್ಳೋಣ ಎಂದರು. ಅರ್ಜಿ ಸಿದ್ಧವಾಯಿತು. ಅಲ್ಲಿಯವರೆಗೆ ಅವ್ವ ಆಕೆಯ ಮೈ ಒರೆಸಿದಳು, ನುಚ್ಚು ಕುಡಿಸಿದಳು, ಎದೆಗೆ ಬಿಸಿ ಎಣ್ಣೆ ತಿಕ್ಕಿದಳು. ಭಯೋತ್ಪಾದನೆಗೆ ನೀಡಿದ ನೆರವಿನ ಪೂರ್ತಿ ವಿವರ ಇಷ್ಟೇ.

ಸುಳಿವು ಹೇಗೆ ಸಿಕ್ಕಿತೋ ಗೊತ್ತಿಲ್ಲ, ಪೊಲೀಸರು ಭಾನುವಾರ ಬೆಳಿಗ್ಗೆಯೇ ಬಂದರು. ಬಂದ ಅಧಿಕಾರಿ ಸಭ್ಯರೇ ಆಗಿದ್ದರು, ಚಪ್ಪಲಿ ಬಿಟ್ಟೇ ಒಳಗೆ ಬಂದರು. ಅವ್ವನನ್ನು ಕೂರಿಸಿಕೊಂಡು ಕೇಳಿದರು.

“ಅಜ್ಜಿ, ಈಕಿ ಯಾರು?”

“ನನ್ನ ಸೊಸಿ.”

“ಇಷ್ಟ ದಿನ ಎಲ್ಲಿದ್ಲು, ಗೊತ್ತೈತೇನು?”

“ಗೊತ್ತಿಲ್ದ ಏನು? ನೀವ ಬಂದ ಹೇಳಿರಲ್ಲ, ಕಾಡಿನ್ಯಾಗ ಅದಾಳಂತ.”

“ಗೊತ್ತಿದ್ದೂ ಯಾಕ ಒಳಗ ಕರಕೊಂಡಿ?”

“ಜರ ಬಂದಿತ್ತೋ ತಮ್ಮಾ,” ಎಂದಳು ಅವ್ವ. ಆ ಪ್ರಶ್ನೆಯೇ ಆಕೆಗೆ ಅರ್ಥವಾಗಿರಲಿಲ್ಲ.

ರಾಜಶ್ರೀಯನ್ನು ಆಂಬುಲೆನ್ಸಿಗೆ ಏರಿಸಿದರು. ಅವ್ವನೂ ಬರಬೇಕೆಂದರು. ನಾನು ಅಡ್ಡ ನಿಂತು, ಮನೆ ನನ್ನದು, ಹೆಂಡತಿ ನನ್ನವಳು, ನನ್ನನ್ನು ಒಯ್ಯಿರಿ ಎಂದು ಕೂಗಾಡಿದೆ. ಅಧಿಕಾರಿ ತಲೆ ತಗ್ಗಿಸಿ, “ಸರ, ನೀವು ಗಂಡ. ಈ ಕಲಂದಾಗ ನೀವು ಬರೂದಿಲ್ಲ,” ಎಂದರು. ಓಣಿ ತುಂಬ ಜನ. ಅವ್ವ ಹಣೆಗೆ ವಿಭೂತಿ ಹಚ್ಚಿಕೊಂಡು, ರಾಟೆಗೆ ಬಟ್ಟೆ ಮುಚ್ಚಿ, ಸಂಜೆಗೆ ಬರುವವಳಂತೆ ಹೊರಟಳು.

ಈಗ ಸಾಕ್ಷ್ಯದ ಮಾತು. ಪೊಲೀಸರ ಮುಂದೆ ಅವ್ವ ಆಡಿದ ಮಾತು ಸಾಕ್ಷ್ಯವಾಗುವುದಿಲ್ಲ ಎಂದು ಬ್ರಾಹ್ಮಿಯವರು ಹೇಳಿದರು. ಬಂದವರು ಭಯೋತ್ಪಾದಕರೆಂದು ‘ತಿಳಿದೂ’ ಆಶ್ರಯ ಕೊಟ್ಟರೆ ಮಾತ್ರ ಅದು ಅಪರಾಧ. ಹಾಗಾದರೆ ಅವ್ವನಿಗೆ ತಿಳಿದಿತ್ತು ಎಂಬುದಕ್ಕೆ ಪುರಾವೆ ಏನು? ಗಿರಿಮಲ್ಲಪ್ಪನವರ ಹೇಳಿಕೆ. ಅವರು ಸುಳ್ಳು ಹೇಳಲಿಲ್ಲ. ‘ಮುತ್ತವ್ವ ತನ್ನ ಸೊಸೆ ಬಂದೂಕಿನವರ ಜೊತೆ ಕಾಡು ಸೇರಿದ್ದಾಳೆಂದು ಹಲವು ವರ್ಷಗಳಿಂದ ಬೈಯುತ್ತಿದ್ದಳು’ ಎಂದು ಕೇಳಿದ್ದಕ್ಕೆ ಉತ್ತರಿಸಿದರು. ಆಕೆಯ ಸಿಟ್ಟೇ ಆಕೆಯ ತಿಳಿವಳಿಕೆಗೆ ಪ್ರಮಾಣಪತ್ರವಾಯಿತು. ಸೊಸೆಯನ್ನು ಹೊಗಳಿಕೊಂಡು ಓಡಾಡಿದ್ದರೆ ಪ್ರಾಯಶಃ ಬಚಾವಾಗುತ್ತಿದ್ದಳು! ಗಿರಿಮಲ್ಲಪ್ಪ ಈಗ ನನ್ನನ್ನು ಕಂಡರೆ ಮಗ್ಗ ನಿಲ್ಲಿಸಿ ಹೊರಗೆ ಬರುತ್ತಾರೆ. “ಮಾಸ್ತರ, ಆಕಿ ಭಾಳ ಬೈತಿದ್ಲು ಅಂತ ಹೇಳಿದ್ರ ಸಿಟ್ಟ ಇತ್ತಂತ ತಿಳೀತಾರ, ಬಿಡ್ತಾರ ಅಂದ್ಕೊಂಡ್ನಿರೀ,” ಎಂದು ಕಣ್ಣು ತುಂಬಿಕೊಳ್ಳುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಅವರು ಬರಿಯ ಕಿವಿಗೆ ಬಿದ್ದ ಮಾತು ಹೇಳಿದರು. ಅದನ್ನು ತೂಗಿ ನೋಡುವ ಕೆಲಸ ತಮ್ಮದಾಗಿತ್ತು.

ಈ ಕಾಯ್ದೆಯಲ್ಲಿ ಶಿಕ್ಷೆಗಳನ್ನು ಜೋಡಿಸಿದ ಚೆಂದವನ್ನೂ ತಾವು ಗಮನಿಸಿರಬೇಕು. ಅನುಸೂಚಿಯಲ್ಲಿರುವ ಸಂಘಟನೆಯ ಸದಸ್ಯಳಾಗಿದ್ದಕ್ಕೆ ಮೂವತ್ತೆಂಟನೆಯ ಕಲಮಿನಂತೆ ರಾಜಶ್ರೀಗೆ ಹೆಚ್ಚೆಂದರೆ ಹತ್ತು ವರ್ಷ. ನ್ಯಾಯಾಧೀಶರು ಮನಸ್ಸು ಮಾಡಿದರೆ ಬರೀ ದಂಡ ಹಾಕಿಯೂ ಬಿಡಬಹುದಿತ್ತು. ಭಯೋತ್ಪಾದಕ ಕೃತ್ಯದಲ್ಲಿ ತೊಡಗಿದ ಸಂಘಟನೆಯ ಸದಸ್ಯೆ ಎಂದು ಇಪ್ಪತ್ತನೆಯ ಕಲಂ ಹಚ್ಚಿದರೆ ಜೀವಾವಧಿಯವರೆಗೆ ಹೋಗಬಹುದು, ಒಪ್ಪುತ್ತೇನೆ; ಆದರೆ ಅಲ್ಲೂ ಇಷ್ಟಕ್ಕಿಂತ ಕಡಿಮೆ ಕೊಡಬಾರದೆಂಬ ಕಟ್ಟಿಲ್ಲ. ಆ ಕಟ್ಟು ಇರುವುದು ನುಚ್ಚು ಕುಡಿಸಿದವಳಿಗೆ. ನ್ಯಾಯಾಧೀಶರ ಕರುಳು ಎಷ್ಟೇ ಕರಗಲಿ, ಅಪರಾಧ ಸಾಬೀತಾದರೆ ಅವ್ವನಿಗೆ ಮೂರು ವರ್ಷಕ್ಕಿಂತ ಕಡಿಮೆ ಕೊಡಲು ಅವರಿಗೆ ಕೈಯಿಲ್ಲ. ಕಾಡಿಗೆ ಹೋದವಳಿಗೆ ಸಿಗಬಹುದಾಗಿದ್ದ ದಯೆ ಮನೆಯಲ್ಲೇ ಇದ್ದವಳಿಗೆ ಇಲ್ಲ. ಅಷ್ಟೇ ಅಲ್ಲ. ವ್ಯಕ್ತಿಗಳನ್ನೂ ಹೆಸರಿಸಿ ಭಯೋತ್ಪಾದಕರೆಂದು ಸಾರಲು ಈಗ ಕಾಯ್ದೆಯಲ್ಲಿ ಬೇರೊಂದು ಅನುಸೂಚಿಯಿದೆ. ರಾಜಶ್ರೀಯ ಹೆಸರು ಅದರಲ್ಲಿ ಇರಲಿಲ್ಲ. ಯಾವ ನ್ಯಾಯಾಲಯವೂ ಆಕೆಯನ್ನು ಅಪರಾಧಿ ಎಂದಿರಲಿಲ್ಲ. ಮತ್ತೆ ನನ್ನ ಅವ್ವ ಏನನ್ನು ನೋಡಿ ಬಾಗಿಲು ಹಾಕಿಕೊಳ್ಳಬೇಕಿತ್ತು?

ಜಾಮೀನು ಕೇಳಿದೆವು. ಆರೋಪ ಮೇಲ್ನೋಟಕ್ಕೆ ನಿಜವೆಂದು ತೋರಿದರೆ ಜಾಮೀನು ಕೊಡಬಾರದು ಎಂಬುದು ಈ ಕಾಯ್ದೆಯ ನಿಯಮ. ಆರೋಪ ಮೇಲ್ನೋಟಕ್ಕೇನು, ಒಳನೋಟಕ್ಕೂ ನಿಜವೇ! ಆಕೆ ಊಟ ಹಾಕಿದ್ದಾಳೆ. ಬೇರೆ ಕಾಯ್ದೆಯಡಿ ಹೆಂಗಸು, ಮುದುಕಿ, ಕಣ್ಣಿಗೆ ಪೊರೆ ಬಂದವಳು ಎಂದು ಕನಿಕರ ಕೇಳುವುದು ಸುಲಭ. ಇಲ್ಲಿ ಆ ಮಾತುಗಳು ಬಾಗಿಲ ಹೊರಗೇ ನಿಲ್ಲುತ್ತವೆ. ಅರ್ಜಿ ವಜಾ ಆಯಿತು. ಜೈಲು ದೂರದ ಊರಿನಲ್ಲಿದೆ. ರಜೆ ಹಾಕಿ ಹೋಗಿ ಕಬ್ಬಿಣದ ಜಾಳಿಗೆಯ ಈಚೆ ನಿಂತರೆ ಅವ್ವ ಮೊದಲು ದನಿಯಿಂದ ನನ್ನನ್ನು ಹುಡುಕುತ್ತಾಳೆ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿಗೆ ನೆರಳು ಮಾತ್ರ ಕಾಣುತ್ತದೆ. ಶಸ್ತ್ರಚಿಕಿತ್ಸೆ ಆಗಬೇಕೆಂದು ಜೈಲಿನ ವೈದ್ಯರೇ ಬರೆದಿದ್ದಾರೆ. ಬೆಂಗಾವಲು ಪೊಲೀಸರು ಸಿಗದೆ ಪ್ರತಿ ಸಲ ಮುಂದಕ್ಕೆ ಹೋಗುತ್ತಿದೆ.

ಬ್ರಾಹ್ಮಿಯವರು ಕೈಲಾದುದನ್ನೆಲ್ಲ ಮಾಡಿದ್ದಾರೆ. ಒಂದು ದಿನ ನನ್ನ ಎದುರಿಗೇ ಅವ್ವನನ್ನು ಕೇಳಿದರು: “ಅವ್ವಾರ, ಆಕಿ ಎಲ್ಲಿದ್ಲು, ಏನ ಮಾಡ್ತಿದ್ಲು, ನಿಮಗೇನಾರ ಖರೇನ ಗೊತ್ತಿತ್ತೇನ್ರಿ? ಜನಾ ಅಂದದ್ದನ್ನ ನೀವೂ ಅಂದಿರಬೇಕಲ್ಲ? ಹಂಗಿದ್ರ ಹಂಗ ಹೇಳ್ರಿ. ಅದರಿಂದ ಕೇಸ ಸಡಲಾಗ್ತೈತಿ.”

ಅವ್ವ ದನಿ ಬಂದ ಕಡೆ ಮುಖ ತಿರುಗಿಸಿದಳು. ಆಮೇಲೆ, “ಪೊಲೀಸರು ಮನಿಗೆ ಬಂದ ಹೇಳಿದ್ದ ನಾ ನಂಬೇನಿ. ನಂಬಿಲ್ಲಂತ ಹ್ಯಾಂಗ ಹೇಳ್ಲಿ? ಲಿಂಗ ಕೈಯಾಗ ಹಿಡಿಯೂ ಮಂದಿ ನಾವು,” ಎಂದಳು. “ಆದ್ರ ವಕೀಲರ, ಗೊತ್ತಿದ್ದಾಕಿ ಏನ ಮಾಡಬೇಕಿತ್ತು, ಅದನ್ನರ ಯಾರರ ಹೇಳ್ರಿ. ಹೊರಗ ದಬ್ಬಬೇಕಿತ್ತೇನು?”

ಸಾಕ್ಷ್ಯವನ್ನು ಸ್ವತಂತ್ರವಾಗಿ ಪರಿಶೀಲಿಸಲೆಂದೇ ಕಾಯ್ದೆ ಒಂದು ಪ್ರಾಧಿಕಾರವನ್ನಿಟ್ಟಿದೆ, ಅದರ ಶಿಫಾರಸಿನ ಮೇಲೆ ತಮ್ಮ ಅನುಮತಿಯನ್ನಿಟ್ಟಿದೆ. ಈ ಎರಡು ಬಾಗಿಲುಗಳನ್ನು ಇಟ್ಟದ್ದೇಕೆ? ಕಾನೂನಿನ ಅಕ್ಷರಕ್ಕೆ ಸಿಕ್ಕಿಬಿದ್ದರೂ ಅದರ ಉದ್ದೇಶಕ್ಕೆ ಸಲ್ಲದ ಮನುಷ್ಯರು ಅಲ್ಲಿಂದಾಚೆ ಹೋಗದಿರಲಿ ಎಂದಲ್ಲವೇ? ಆದ್ದರಿಂದ ಅವ್ವನ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ. ತಮ್ಮ ಮನೆಯ ಬಾಗಿಲಿಗೆ ರಕ್ತ ಕೆಮ್ಮುತ್ತ ನಿಂತ ಸೊಸೆಗೆ ತಮ್ಮ ತಾಯಿ ಏನು ಮಾಡುತ್ತಿದ್ದರು? ಉತ್ತರ ನನಗೆ ಬೇಡ. ಕಡತದ ಅಂಚಿನಲ್ಲಿ ಬರೆದರೆ ಸಾಕು.

ರಾಜಶ್ರೀ ಆಸ್ಪತ್ರೆಯಲ್ಲಿ ಕಾವಲಿನ ನಡುವೆಯೇ ತೀರಿಕೊಂಡಳು. ಎರಡೂ ಶ್ವಾಸಕೋಶ ಹೋಗಿದ್ದವು, ಯಾರನ್ನೂ ದೂರುವಂತಿರಲಿಲ್ಲ. ಆಕೆಯ ಮೇಲಿನ ಮೊಕದ್ದಮೆ ಸಾವಿನೊಂದಿಗೆ ಮುಗಿಯಿತು. ಆಶ್ರಯ ಪಡೆದವಳು ಬಿಡುಗಡೆಯಾದಳು, ಕೊಟ್ಟವಳು ಉಳಿದಳು. ಸೊಸೆಯ ಮಣ್ಣಿಗೆ ಬರಲು ಅವ್ವನಿಗೆ ಒಂದು ದಿನದ ಅನುಮತಿ ಬೇಡಿದ್ದೆವು. ಪೊಲೀಸರ ವರದಿ ಬರಲಿ ಎಂದರು. ವರದಿ ಬರುವಷ್ಟರಲ್ಲಿ ಶವ ಇಡುವಂತಿರಲಿಲ್ಲ. ನಾನು, ಬ್ರಾಹ್ಮಿಯವರು, ಗಿರಿಮಲ್ಲಪ್ಪ, ಓಣಿಯ ಹತ್ತಾರು ಜನ ಸೇರಿ ಕುಣಿ ಮುಚ್ಚಿದೆವು. ಸುದ್ದಿ ಹೇಳಲು ಹೋದಾಗ ಅವ್ವ ಜಾಳಿಗೆ ಹಿಡಿದುಕೊಂಡಳು. “ನಾಕ ದಿನರ ಬಾಯಿಗೆ ನೀರ ಹಾಕಿದ್ನೆಲ್ಲೋ ಯಲ್ಲಾ, ಅಷ್ಟರ ಆತಲ್ಲ,” ಎಂದಳು. ತಾನು ಜೈಲಿಗೆ ಬಂದದ್ದಕ್ಕೆ ಆಕೆ ಕೊಟ್ಟುಕೊಂಡ ಸಮಾಧಾನ ಅದೊಂದೇ. ನನಗೆ ಅದೂ ಇಲ್ಲ.

ಕೊನೆಯದಾಗಿ ಹೇಳಬೇಕಾದದ್ದು. ಆರೋಪಪಟ್ಟಿಯಲ್ಲಿ ನನ್ನ ಹೆಸರೂ ಇದೆ, ಸರ್ಕಾರದ ಪರ ಸಾಕ್ಷಿಗಳ ಸಾಲಿನಲ್ಲಿ. ರಾಜಶ್ರೀ ನಮ್ಮ ಮನೆಯಲ್ಲಿದ್ದಳು, ಅವ್ವ ಆಕೆಗೆ ಉಣಿಸಿದಳು, ಹಾಸಿಗೆ ಹಾಸಿದಳು ಎಂಬುದನ್ನು ನ್ಯಾಯಾಲಯದಲ್ಲಿ ಹೇಳಬೇಕಾದವನು ನಾನು. ವಿಚಾರಣೆ ಮುಂದಿನ ತಿಂಗಳು ಆರಂಭವಾಗುತ್ತದೆ. ಸಾಕ್ಷಿಕಟ್ಟೆಯಲ್ಲಿ ನಿಂತು ಸತ್ಯ ಹೇಳಿದರೆ ನನ್ನ ಬಾಯಿಂದಲೇ ತಾಯಿಗೆ ಶಿಕ್ಷೆ. ಸುಳ್ಳು ಹೇಳಿದರೆ ಆಕೆ ಯಾವ ಸತ್ಯ ಬಿಡದೆ ಜೈಲಿನಲ್ಲಿ ಕಣ್ಣು ಕಳೆದುಕೊಂಡಳೋ ಅದಕ್ಕೆ ಬೆಲೆಯಿಲ್ಲ. ಮಕ್ಕಳಿಗೆ ಮೂಲಭೂತ ಹಕ್ಕುಗಳ ಪಾಠ ಮಾಡುವಾಗ ಇತ್ತೀಚೆಗೆ ಅವರಿಗೇ ಗಟ್ಟಿಯಾಗಿ ಓದಲು ಹೇಳುತ್ತೇನೆ. ಅವರು ಓಣಿಯ ಮಕ್ಕಳೇ, ಎಲ್ಲ ಬಲ್ಲರು. ಓದುವಾಗ ಪುಸ್ತಕದಿಂದ ಕಣ್ಣೆತ್ತುವುದಿಲ್ಲ.

ನನ್ನ ಬೇಡಿಕೆ ಚಿಕ್ಕದು. ಮುತ್ತವ್ವನ ಮೇಲಿನ ಅನುಮತಿಯನ್ನು ಮರುಪರಿಶೀಲಿಸಿ, ಮೊಕದ್ದಮೆ ಹಿಂಪಡೆಯಲು ನ್ಯಾಯಾಲಯವನ್ನು ಕೋರಬೇಕು. ಗಂಡಹೆಂಡಿರಿಗೆ ಇರುವ ಆ ವಿನಾಯಿತಿಯ ಸಾಲಿಗೆ ತಾಯ್ತಂದೆ, ಅತ್ತೆಮಾವ, ಮಕ್ಕಳನ್ನೂ ಸೇರಿಸಬೇಕೆಂದು ತಮಗಿಂತ ಮೇಲಿನವರಿಗೆ ಬರೆಯಬೇಕು. ಇದಾವುದೂ ಆಗದಿದ್ದರೆ ಆಕೆಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಇಬ್ಬರು ಪೊಲೀಸರನ್ನಾದರೂ ಒದಗಿಸಬೇಕು. ಬೇಗ ಒದಗಿಸಬೇಕು. ನಾನು ಸಾಕ್ಷಿಕಟ್ಟೆ ಏರುವ ದಿನ ಆಕೆ ನನ್ನನ್ನು ಕಣ್ತುಂಬ ನೋಡಲಿ. ಬರೀ ದನಿ ಕೇಳಿದರೆ, ತನ್ನ ವಿರುದ್ಧ ಮಾತಾಡುತ್ತಿರುವವನು ಅಳುತ್ತಿದ್ದಾನೆಂಬುದು ಆಕೆಗೆ ಹೇಗೆ ತಿಳಿಯಬೇಕು?

ಇಂತಿ,
ಹೆತ್ತವಳ ವಿರುದ್ಧ ಸರ್ಕಾರದ ಸಾಕ್ಷಿ,
ಯಲ್ಲಾಲಿಂಗ
ಬನಹಟ್ಟಿ